ತಪ್ಪಿಗೂ ಒಂದು ಹೆಸರು ಬೇಕು

1996ರ ಜೂನ್ 4ರ ಬೆಳಿಗ್ಗೆ ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಲ್ಲಿರುವ ಕೌರು ಉಡಾವಣಾ ನೆಲೆಯಿಂದ ಏರಿಯಾನ್-5 ಎಂಬ ಹೊಸ ರಾಕೆಟ್ ಮೊದಲ ಬಾರಿಗೆ ಆಕಾಶಕ್ಕೆ ಚಿಮ್ಮಿತು. ಯುರೋಪಿನ ಹಲವು ದೇಶಗಳು ಸೇರಿ ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ರಾಕೆಟ್ ಅದು. ಅದರ ತಲೆಯ ಮೇಲೆ ಭೂಮಿಯ ಕಾಂತಗೋಳವನ್ನು ಅಭ್ಯಾಸ ಮಾಡಲೆಂದು ಸಿದ್ಧಪಡಿಸಿದ್ದ ‘ಕ್ಲಸ್ಟರ್’ ಹೆಸರಿನ ನಾಲ್ಕು ಉಪಗ್ರಹಗಳಿದ್ದವು. ಮೂವತ್ತಾರು ಸೆಕೆಂಡುಗಳವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ರಾಕೆಟ್ ಥಟ್ಟನೆ ಒಂದು ಪಕ್ಕಕ್ಕೆ ಹೊರಳಿತು. ಗಾಳಿಯ ಒತ್ತಡಕ್ಕೆ ಅದರ ಮೈ ಮುರಿಯತೊಡಗಿತು. ಇಂಥ ಗಳಿಗೆಗೆಂದೇ ಒಳಗಿಟ್ಟಿದ್ದ ಸ್ಫೋಟಕ ಸಿಡಿದು, ರಾಕೆಟ್ಟೂ ಉಪಗ್ರಹಗಳೂ ಚೂರುಚೂರಾಗಿ ಕೆಳಗಿನ ಜೌಗು ನೆಲಕ್ಕೆ ಉದುರಿದವು. ಆಗಿನ್ನೂ ಅದು ನಾಲ್ಕು ಕಿಲೋಮೀಟರ್ ಎತ್ತರವನ್ನು ಕೂಡ ಮುಟ್ಟಿರಲಿಲ್ಲ.

ಎಂಜಿನ್ ಕೆಟ್ಟಿರಲಿಲ್ಲ. ಇಂಧನ ಸೋರಿರಲಿಲ್ಲ. ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅವರ ನೇತೃತ್ವದ ತನಿಖಾ ಮಂಡಳಿ ಜುಲೈ ತಿಂಗಳಲ್ಲೇ ವರದಿ ಕೊಟ್ಟಿತು. ಕೆಟ್ಟಿದ್ದು ಕಂಪ್ಯೂಟರಿನ ಕ್ರಮವಿಧಿ, ಅಂದರೆ ಪ್ರೋಗ್ರಾಂ.

ರಾಕೆಟ್ ಯಾವ ಕಡೆಗೆ ವಾಲಿದೆ, ಎಷ್ಟು ವೇಗದಲ್ಲಿದೆ ಎಂದು ಅಳೆಯುವ ಉಪಕರಣವೊಂದು ಅದರೊಳಗಿತ್ತು. ಅದರ ಕ್ರಮವಿಧಿಯನ್ನು ಹಳೆಯ ಏರಿಯಾನ್-4ರಿಂದ ಎತ್ತಿ ತಂದಿದ್ದರು. ಹಳೆಯ ರಾಕೆಟ್ಟಿನಲ್ಲಿ ಸುಸೂತ್ರವಾಗಿ ಕೆಲಸ ಮಾಡಿದ್ದ ಕ್ರಮವಿಧಿ ಅದು, ಅನುಮಾನಿಸಲು ಕಾರಣವೇ ಇರಲಿಲ್ಲ. ಆದರೆ ಹೊಸ ರಾಕೆಟ್ ಹಳೆಯದಕ್ಕಿಂತ ಬಹಳ ಬೇಗ ಅಡ್ಡವೇಗ ಗಳಿಸುತ್ತಿತ್ತು. ಅಡ್ಡವೇಗಕ್ಕೆ ಸಂಬಂಧಿಸಿದ, 64 ಬಿಟ್‌ಗಳಲ್ಲಿ ಬರೆದ ಒಂದು ಸಂಖ್ಯೆಯನ್ನು 16 ಬಿಟ್‌ಗಳ ಸಣ್ಣ ಜಾಗಕ್ಕೆ ತುಂಬಬೇಕಾಗಿತ್ತು. ಆ ಸಣ್ಣ ಜಾಗದಲ್ಲಿ ಹಿಡಿಸುವ ಅತಿದೊಡ್ಡ ಸಂಖ್ಯೆ 32,767. ಬಂದ ಸಂಖ್ಯೆ ಅದಕ್ಕಿಂತ ದೊಡ್ಡದು. ಪಾವಿನಲ್ಲಿ ಕೊಳಗದ ಭತ್ತ ಅಳೆಯಹೊರಟಂತಾಯಿತು. ಇಂಥ ಅಪಾಯವಿದ್ದ ಏಳು ಸಂಖ್ಯೆಗಳನ್ನು ಎಂಜಿನಿಯರುಗಳು ಮೊದಲೇ ಗುರುತಿಸಿದ್ದರು. ನಾಲ್ಕಕ್ಕೆ ರಕ್ಷಣೆ ಕೊಟ್ಟು, ಕಂಪ್ಯೂಟರಿನ ಮೇಲೆ ಹೊರೆ ಹೆಚ್ಚಾದೀತೆಂದು ಮೂರನ್ನು ಹಾಗೆಯೇ ಬಿಟ್ಟಿದ್ದರು. ಕೈಕೊಟ್ಟಿದ್ದು ಆ ಮೂರರಲ್ಲೊಂದು. ಇನ್ನೂ ಸಂಕಟದ ಸಂಗತಿಯೆಂದರೆ, ಆ ಲೆಕ್ಕಾಚಾರ ಬೇಕಾಗಿದ್ದುದು ರಾಕೆಟ್ ನೆಲದ ಮೇಲಿರುವಾಗ ಮಾತ್ರ. ಮೇಲೇರಿದ ಮೇಲೆ ಅದರಿಂದ ಮೂರು ಕಾಸಿನ ಉಪಯೋಗವಿರಲಿಲ್ಲ. ಹಳೆಯ ರಾಕೆಟ್ಟಿನ ರೂಢಿಯಂತೆ ಇನ್ನೂ ನಲವತ್ತು ಸೆಕೆಂಡು ಸುಮ್ಮನೆ ಓಡುತ್ತಿತ್ತು, ಅಷ್ಟೆ.

ಲೆಕ್ಕ ತಪ್ಪಿದ ಉಪಕರಣ ತನಗೆ ಹೇಳಿಕೊಟ್ಟಂತೆ ‘ನನಗೆ ಹೀಗಾಗಿದೆ’ ಎಂಬ ದೋಷವರದಿಯನ್ನು ಮುಖ್ಯ ಕಂಪ್ಯೂಟರಿಗೆ ಕಳಿಸಿ ಕಣ್ಣು ಮುಚ್ಚಿತು. ಆಪತ್ತಿಗಿರಲಿ ಎಂದು ಜೊತೆಗಿಟ್ಟಿದ್ದ ಇನ್ನೊಂದು ಉಪಕರಣದಲ್ಲೂ ಅದೇ ಕ್ರಮವಿಧಿ ಇತ್ತಾದ್ದರಿಂದ, ಅದು 72 ಮಿಲಿಸೆಕೆಂಡು ಮೊದಲೇ ಅದೇ ಕಾರಣಕ್ಕೆ ಮಲಗಿತ್ತು. ಮುಂದಿನದ್ದೇ ಈ ಕಥೆಯ ಮರ್ಮ. ಮುಖ್ಯ ಕಂಪ್ಯೂಟರಿಗೆ ಬಂದ ದೋಷವರದಿಯೂ ಅಂಕಿಗಳ ರೂಪದಲ್ಲೇ ಇತ್ತು. ದಿನನಿತ್ಯ ಬರುವ ಹಾರಾಟದ ಅಳತೆಯೂ ಅಂಕಿಗಳೇ. ಯಾವುದು ಅಳತೆ, ಯಾವುದು ಆರ್ತನಾದ ಎಂದು ಬೇರ್ಪಡಿಸುವ ಗುರುತನ್ನು ಅದು ನೋಡಲಿಲ್ಲ. ‘ಕೆಟ್ಟಿದ್ದೇನೆ’ ಎಂಬ ಮಾತನ್ನು ‘ರಾಕೆಟ್ ಭಾರಿ ಓರೆಯಾಗಿದೆ’ ಎಂದು ಓದಿಕೊಂಡಿತು. ಇಲ್ಲದ ಓರೆಯನ್ನು ಸರಿಪಡಿಸಲು ಎಂಜಿನ್ ಮೂತಿಗಳನ್ನು ಪೂರ್ತಿ ತಿರುಗಿಸಿಬಿಟ್ಟಿತು.

ತಪ್ಪು ಆಗುವುದು ಸಹಜ. ಆದರೆ ತಪ್ಪು ತಪ್ಪಿನಂತೆ ಕಾಣದೆ ಸರಿಯಾದ ಉತ್ತರದ ವೇಷ ಹಾಕಿಕೊಂಡು ಬಂದರೆ? ಕಂಪ್ಯೂಟರ್ ವಿಜ್ಞಾನ ಓದುವ ಮಕ್ಕಳಿಗೆ ಮೊದಲ ವರ್ಷದಲ್ಲೇ ಎದುರಾಗಬೇಕಾದ ಪ್ರಶ್ನೆ ಇದು. ವಾಸ್ತವದಲ್ಲಿ ಬಹಳ ಮಂದಿಗೆ ಇದು ಎದುರಾಗುವುದು ಕೆಲಸಕ್ಕೆ ಸೇರಿದ ಮೇಲೆ, ಅದೂ ಯಾವುದೋ ಅಪರಾತ್ರಿಯಲ್ಲಿ.

ಸೊನ್ನೆಯೋ ಗೈರುಹಾಜರಿಯೋ?

ರಾಕೆಟ್ಟಿನ ಮಾತು ದೂರದ್ದಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ತೆಗೆದುಕೊಳ್ಳಿ. ಗಣಿತದ ಪರೀಕ್ಷೆಗೆ ಜ್ವರ ಬಂದು ಹೋಗಲಾಗದ ಹುಡುಗಿಯ ಹೆಸರಿನ ಮುಂದೆ ಏನು ಬರೆಯುತ್ತಾರೆ? ಸೊನ್ನೆ ಬರೆಯುವುದಿಲ್ಲ, ಗೈರುಹಾಜರಿ ಎಂದು ಗುರುತು ಹಾಕುತ್ತಾರೆ. ಪರೀಕ್ಷೆ ಬರೆದು ಸೊನ್ನೆ ಪಡೆದವನೂ ಪರೀಕ್ಷೆಗೇ ಬಾರದವಳೂ ಒಂದೇ ಅಲ್ಲವೆಂಬುದು ಶಾಲೆಯ ಗುಮಾಸ್ತರಿಗೆ ಚೆನ್ನಾಗಿ ಗೊತ್ತು. ಆ ಜಾಗದಲ್ಲಿ ಇರಬೇಕಾದದ್ದು ಅಂಕಿ, ಆದರೆ ಇರುವುದು ಅಂಕಿಯಲ್ಲ. ನೋಡಿದ ಕೂಡಲೇ ತಿಳಿಯುತ್ತದೆ.

ಸಿ ಭಾಷೆಗೆ ಈ ಭೇದ ಗೊತ್ತಿಲ್ಲ. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ ಈ ಭಾಷೆ ಇಂದಿಗೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ರಮವಿಧಿಯ ಅಕ್ಷರಾಭ್ಯಾಸವಿದ್ದಂತೆ. ಕಂಪ್ಯೂಟರಿನ ಹೊಟ್ಟೆಯೊಳಗೇ ಕೈಹಾಕಿ ಕೆಲಸ ಮಾಡುವ, ಆಪರೇಟಿಂಗ್ ಸಿಸ್ಟಮ್ಮು, ವಾಹನದ ಬ್ರೇಕು, ಜಾಲದ ಯಂತ್ರಗಳಂಥವನ್ನು ನಡೆಸುವ ಭಾಷೆಗಳಿಗೆ ‘ಸಿಸ್ಟಮ್ಸ್’ ಭಾಷೆಗಳೆಂದು ಹೆಸರು. ಸಿ ಅವುಗಳಲ್ಲಿ ಹಿರಿಯಣ್ಣ. ಅದರಲ್ಲಿ ಅಕ್ಷರಗಳಲ್ಲಿ ಬರೆದ ಅಂಕಿಯನ್ನು ನಿಜವಾದ ಸಂಖ್ಯೆಯಾಗಿ ಮಾಡಿಕೊಡುವ ‘ಎ-ಟು-ಐ’ ಎಂಬ ಸಲಕರಣೆಯಿದೆ. ಅದಕ್ಕೆ ‘87’ ಕೊಟ್ಟರೆ 87 ಬರುತ್ತದೆ. ‘ಗೈರು’ ಎಂದು ಕೊಟ್ಟರೆ? ಸೊನ್ನೆ ಬರುತ್ತದೆ. ಕನ್ನಡಾಭಿಮಾನದಿಂದ ‘೮೭’ ಎಂದು ಕನ್ನಡ ಅಂಕಿಯಲ್ಲಿ ಕೊಟ್ಟರೆ ಆಗಲೂ ಸೊನ್ನೆ. ಟೈಪು ಮಾಡುವವರ ಬೆರಳು ಜಾರಿ 90ರಲ್ಲಿ ಸೊನ್ನೆಯ ಬದಲು ಇಂಗ್ಲಿಷಿನ ‘ಓ’ ಅಕ್ಷರ ಬಿದ್ದಿದ್ದರೆ 9 ಬರುತ್ತದೆ. ತೊಂಬತ್ತು ಅಂಕದ ಹುಡುಗ ಒಂಬತ್ತಕ್ಕೆ ಇಳಿಯುತ್ತಾನೆ, ಯಂತ್ರ ಚಕಾರವೆತ್ತುವುದಿಲ್ಲ.

ಇದಕ್ಕೆ ಹಳಬರು ಕಂಡುಕೊಂಡಿದ್ದ ಉಪಾಯವೆಂದರೆ ಸಂಕೇತದ ಅಂಕಿ. ಅಂಕ ಎಂದೂ ಋಣ ಸಂಖ್ಯೆಯಾಗುವುದಿಲ್ಲ, ಆದ್ದರಿಂದ ತಪ್ಪಾದಾಗ -1 ಎಂದು ತಿಳಿಸಿದರಾಯಿತು. ಹವಾಮಾನದ ಕಡತಗಳಲ್ಲಿ ಮಳೆಯ ಅಳತೆ ಸಿಗದ ದಿನದ ಮುಂದೆ -999 ಎಂದು ಬರೆದಿರುವುದುಂಟು. ಬರೆದವರಿಗೆ ಅದರ ಅರ್ಥ ಗೊತ್ತು. ಓದುವವರು ಮರೆತು ಸರಾಸರಿ ತೆಗೆದರೆ ಆಗುಂಬೆಯಲ್ಲೂ ಮಳೆ ಸೊನ್ನೆಗಿಂತ ಕೆಳಗಿಳಿದೀತು! ಈ ಒಪ್ಪಂದ ಇರುವುದು ಜನರ ನೆನಪಿನಲ್ಲಿಯೇ ಹೊರತು ಭಾಷೆಯಲ್ಲಲ್ಲ ಎಂಬುದೇ ಇದರ ದೌರ್ಬಲ್ಯ.

ಸಿ ಭಾಷೆಯಲ್ಲಿ ಇನ್ನೊಂದು ಒಪ್ಪಂದವಿದೆ: ಕೆಲಸ ಮುಗಿಸಿ ಬಂದವನು ಸೊನ್ನೆ ತಂದರೆ ‘ಎಲ್ಲ ಕ್ಷೇಮ’ ಎಂದರ್ಥ, ಬೇರೆ ಅಂಕಿ ತಂದರೆ ಅದು ದೋಷದ ನಂಬರು. 2014ರ ಫೆಬ್ರುವರಿಯಲ್ಲಿ ಆಪಲ್ ಕಂಪೆನಿ ತನ್ನ ಐಫೋನುಗಳಿಗೆ ತರಾತುರಿಯಲ್ಲಿ ತಿದ್ದುಪಡಿಯೊಂದನ್ನು ಕಳಿಸಬೇಕಾಯಿತು. ಬ್ಯಾಂಕಿನಂಥ ಜಾಲತಾಣಗಳು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಕ್ರಮವಿಧಿಯಲ್ಲಿ ‘ವಿಫಲವಾದರೆ ಇಲ್ಲಿಂದ ಹೊರಹೋಗು’ ಎಂಬ ಸಾಲು ಅಕಸ್ಮಾತ್ತಾಗಿ ಎರಡು ಸಲ ಬಿದ್ದಿತ್ತು. ಮೊದಲನೆಯದಕ್ಕೆ ‘ವಿಫಲವಾದರೆ’ ಎಂಬ ಷರತ್ತಿತ್ತು, ಎರಡನೆಯದಕ್ಕೆ ಇರಲಿಲ್ಲ. ಹಾಗಾಗಿ ಕೊನೆಯ, ಬಹುಮುಖ್ಯವಾದ ಪರೀಕ್ಷೆಯನ್ನು ಮಾಡದೆಯೇ ಕ್ರಮವಿಧಿ ಹೊರಬೀಳುತ್ತಿತ್ತು. ಕೈಯಲ್ಲಿ ಮಾತ್ರ ಹಿಂದಿನ ಹೆಜ್ಜೆಯ ಸೊನ್ನೆ ಇತ್ತಲ್ಲ! ‘ಎಲ್ಲ ಕ್ಷೇಮ’ ಎಂದೇ ತೀರ್ಮಾನವಾಗುತ್ತಿತ್ತು. ಒಂದು ಸಾಲು ಹೆಚ್ಚಾಗಿದ್ದಕ್ಕೆ ಬೀಗದ ಕೊಂಡಿಯೇ ಕಳಚಿತ್ತು.

ಅಂಚೆಯಣ್ಣನ ಷರಾ

ರಿಜಿಸ್ಟರ್ಡ್ ಕಾಗದ ವಾಪಸಾಗಿ ಬಂದದ್ದನ್ನು ನೋಡಿದವರಿಗೆ ಗೊತ್ತು. ಅಂಚೆಯಣ್ಣ ಅದನ್ನು ಸುಮ್ಮನೆ ಹಿಂದಕ್ಕೆ ಕೊಡುವುದಿಲ್ಲ. ಲಕೋಟೆಯ ಮೇಲೆ ಷರಾ ಬರೆದಿರುತ್ತಾನೆ. ವಿಳಾಸದಾರರು ಮನೆ ಬಿಟ್ಟಿದ್ದಾರೆ, ವಿಳಾಸ ಸಾಲದು, ಬಾಗಿಲಿಗೆ ಬೀಗ, ತೆಗೆದುಕೊಳ್ಳಲು ನಿರಾಕರಿಸಿದರು. ಕಾಗದ ಮುಟ್ಟಲಿಲ್ಲ ಎಂಬುದು ನಾಲ್ಕರಲ್ಲೂ ಒಂದೇ, ಆದರೆ ಮುಂದೆ ಮಾಡಬೇಕಾದ ಕೆಲಸ ನಾಲ್ಕರಲ್ಲೂ ಬೇರೆ. ಬೀಗ ಹಾಕಿದ್ದರೆ ವಾರ ಬಿಟ್ಟು ಮತ್ತೆ ಕಳಿಸಬಹುದು. ವಿಳಾಸ ಸಾಲದಿದ್ದರೆ ಕೇಳಿ ತಿಳಿಯಬೇಕು. ನಿರಾಕರಿಸಿದ್ದರೆ ವಕೀಲರನ್ನು ಕಾಣಬೇಕೋ ಏನೋ! ಬ್ಯಾಂಕಿನಿಂದ ವಾಪಸಾದ ಚೆಕ್ಕಿನ ಜೊತೆಗೆ ಬರುವ ಚೀಟಿಯೂ ಹೀಗೆಯೇ. ಹಣ ಸಾಲದೆ ಬಂದದ್ದಕ್ಕೂ ಸಹಿ ಹೊಂದದೆ ಬಂದದ್ದಕ್ಕೂ ಅಜಗಜಾಂತರ.

ರಸ್ಟ್ ಎಂಬ ಭಾಷೆ ಮಾಡಿರುವುದು ಇದನ್ನೇ. ತಪ್ಪಿಗೆ ಷರಾ ಬರೆಯದೆ ಕಾಗದ ಹಿಂದಿರುಗಿಸುವಂತಿಲ್ಲ, ಷರಾ ಓದದೆ ಲಕೋಟೆ ಒಡೆಯುವಂತಿಲ್ಲ.

ಈ ಭಾಷೆ ಹುಟ್ಟಿದ ಕಥೆ ಸ್ವಾರಸ್ಯದ್ದು. 2006ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಗ್ರೇಡನ್ ಹೋರ್ ಎಂಬ ತರುಣ ಎಂಜಿನಿಯರ್ ಮನೆಗೆ ಬಂದಾಗ ಕಟ್ಟಡದ ಲಿಫ್ಟ್ ಕೆಟ್ಟು ನಿಂತಿತ್ತು. ಲಿಫ್ಟಿನ ಕ್ರಮವಿಧಿ ಮುಗ್ಗರಿಸಿತ್ತು. ಅದೇನೂ ಮೊದಲ ಸಲವಲ್ಲ. ಆತನ ಮನೆ ಇದ್ದದ್ದು 21ನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತುತ್ತ ಹತ್ತುತ್ತ, ಒಂದು ಲಿಫ್ಟನ್ನು ಕೆಡದಂತೆ ನಡೆಸುವ ಕ್ರಮವಿಧಿ ಬರೆಯಲು ನಮ್ಮಿಂದಾಗದೇ ಎಂದು ಸಿಡುಕಿಕೊಂಡ ಹೋರ್, ಬಿಡುವಿನ ವೇಳೆಯಲ್ಲಿ ಹೊಸ ಭಾಷೆಯೊಂದನ್ನು ಕಟ್ಟತೊಡಗಿದರು. ಅವರು ಕೆಲಸಕ್ಕಿದ್ದ ಮೊಜಿಲ್ಲಾ ಸಂಸ್ಥೆ 2009ರಲ್ಲಿ ಅದಕ್ಕೆ ಆಸರೆ ಕೊಟ್ಟಿತು. 2015ರ ಮೇ 15ರಂದು ರಸ್ಟ್‌ನ ಮೊದಲ ಪಕ್ವ ಆವೃತ್ತಿ ಹೊರಬಂತು. ಹೆಸರು ಕೇಳಿ ಕಬ್ಬಿಣದ ತುಕ್ಕು ನೆನಪಾದರೆ ತಪ್ಪಲ್ಲ; ಆದರೆ ಹೋರ್ ಮನಸ್ಸಿನಲ್ಲಿದ್ದದ್ದು ತುಕ್ಕುರೋಗ ತರುವ ಶಿಲೀಂಧ್ರ. ಎಂಥ ಕಷ್ಟದಲ್ಲೂ ಬದುಕಿ ಉಳಿಯುವ ಅದರ ಹಟ ಅವರಿಗೆ ಹಿಡಿಸಿತ್ತಂತೆ. ಕೊಡಗು, ಚಿಕ್ಕಮಗಳೂರಿನ ಕಾಫಿ ಬೆಳೆಗಾರರನ್ನು ಕೇಳಿದರೆ ಆ ಹಟದ ಬಗ್ಗೆ ಇನ್ನೂ ಹೆಚ್ಚು ಹೇಳಿಯಾರು!

ರಸ್ಟ್‌ನಲ್ಲಿ ವಿಫಲವಾಗಬಹುದಾದ ಕೆಲಸ ಸಾಮಾನ್ಯವಾಗಿ ಬರಿಯ ಅಂಕಿಯನ್ನು ಹಿಂದಿರುಗಿಸುವುದಿಲ್ಲ. ‘ರಿಸಲ್ಟ್’ ಎಂಬ ಮುಚ್ಚಿದ ಡಬ್ಬಿಯನ್ನು ಕೊಡುತ್ತದೆ. ಅದರೊಳಗೆ ಎರಡರಲ್ಲಿ ಒಂದು ಇರುತ್ತದೆ: ‘ಓಕೆ’ ಎಂಬ ಚೀಟಿ ಅಂಟಿಸಿದ ಉತ್ತರ, ಇಲ್ಲವೇ ‘ಎರ್’ ಎಂಬ ಚೀಟಿ ಅಂಟಿಸಿದ ದೋಷ. ಉತ್ತರ ಬೇಕಾದವರು ಡಬ್ಬಿ ತೆಗೆಯಲೇಬೇಕು. ತೆಗೆಯುವಾಗ ದೋಷವಿದ್ದರೆ ಏನು ಮಾಡುತ್ತೀರೆಂದು ಹೇಳಲೇಬೇಕು. ಡಬ್ಬಿಯನ್ನು ಅಂಕಿಯೆಂದು ಭಾವಿಸಿ ಕೂಡಲು ಕಳೆಯಲು ಹೋದರೆ, ಕ್ರಮವಿಧಿಯನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ಡಬ್ಬಿಯನ್ನು ನೋಡದೆ ಮೂಲೆಗೆ ಎಸೆದರೂ ಎಚ್ಚರಿಕೆ ಕೊಡುತ್ತದೆ. ಏರಿಯಾನ್‌ನ ಮುಖ್ಯ ಕಂಪ್ಯೂಟರಿಗೆ ಇಂಥದೊಂದು ಡಬ್ಬಿ ಬಂದಿದ್ದರೆ ದೋಷವರದಿಯನ್ನು ಅಳತೆಯೆಂದು ಓದಲು ದಾರಿಯೇ ಇರುತ್ತಿರಲಿಲ್ಲ. ರಾಕೆಟ್ ಉಳಿಯುತ್ತಿತ್ತೇ ಎಂಬುದು ಬೇರೆ ಮಾತು. ಎರಡೂ ಉಪಕರಣ ಮಲಗಿದ ಮೇಲೆ ದಾರಿ ತೋರಿಸುವವರಾದರೂ ಯಾರು?

ಹಾಗಾದರೆ ದೋಷದ ಚೀಟಿಯ ಮೇಲೆ ಏನಿರಬೇಕು? ಸುಮ್ಮನೆ ‘ತಪ್ಪಾಗಿದೆ’ ಎಂದೂ ಬರೆಯಬಹುದು. ಬಹುಪಾಲು ಕಲಿಕೆಯವರು ಮಾಡುವುದು ಅದನ್ನೇ. ಆದರೆ ಬಲ್ಲವರು ತಮ್ಮ ಕೆಲಸಕ್ಕೆ ತಕ್ಕ ದೋಷದ ‘ಬಗೆ’ಯನ್ನು ತಾವೇ ರೂಪಿಸಿಕೊಳ್ಳುತ್ತಾರೆ. ಭಾಷೆ ಕೊಡುವ ಸಂಖ್ಯೆ, ಅಕ್ಷರ ಮುಂತಾದ ಸಿದ್ಧ ಬಗೆಗಳ ಜೊತೆಗೆ ನಮ್ಮದೂ ಒಂದು.

ಶಾಲೆಯ ಅಂಕಪಟ್ಟಿಯನ್ನೇ ಮುಂದುವರಿಸೋಣ. ‘ಅಂಕದೋಷ’ ಎಂಬ ಹೊಸ ಬಗೆಯನ್ನು ಮಾಡಿ, ಅದರಲ್ಲಿ ಮೂರೇ ಮೂರು ಸಾಧ್ಯತೆಗಳಿವೆ ಎಂದು ಸಾರಬಹುದು. ಮೊದಲನೆಯದು ‘ಗೈರುಹಾಜರಿ’. ಎರಡನೆಯದು ‘ಅಂಕಿಯಲ್ಲ’, ಅದರ ಜೊತೆಗೆ ಯಾವ ಸಾಲಿನಲ್ಲಿ ಏನು ಬರೆದಿತ್ತೆಂಬ ವಿವರ. ಮೂರನೆಯದು ‘ಮಿತಿಮೀರಿದೆ’, ಅದರ ಜೊತೆಗೆ ವಿಷಯ ಯಾವುದು, ಬಂದ ಅಂಕ ಎಷ್ಟು. ಪ್ರಥಮ ಭಾಷೆಗೆ 125 ಅಂಕ, ಉಳಿದ ವಿಷಯಗಳಿಗೆ 100. ಕನ್ನಡದಲ್ಲಿ 112 ಬಂದರೆ ಹೆಮ್ಮೆಪಡಬೇಕು, ಗಣಿತದಲ್ಲಿ 112 ಬಂದರೆ ಟೈಪು ಮಾಡಿದವರನ್ನು ವಿಚಾರಿಸಬೇಕು. ಒಂದೇ ಸಂಖ್ಯೆ ಒಂದೆಡೆ ಸರಿ, ಇನ್ನೊಂದೆಡೆ ದೋಷ. ಇದನ್ನು ಜಗತ್ತಿನ ಯಾವ ಕಂಪ್ಯೂಟರ್ ಭಾಷೆಯೂ ತಾನಾಗಿ ತಿಳಿಯಲಾರದು, ಬರೆಯುವವರೇ ಹೇಳಿಕೊಡಬೇಕು. ಸ್ವಂತ ಬಗೆಯ ಅಗತ್ಯವಿರುವುದು ಅದಕ್ಕೇ.

ಅಂದಹಾಗೆ ‘ಅಂಕದೋಷ’, ‘ಗೈರುಹಾಜರಿ’ ಎಂಬ ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆಯಬಹುದು. 2021ರ ಜೂನ್‌ನಲ್ಲಿ ಬಂದ ರಸ್ಟ್ ಆವೃತ್ತಿಯಿಂದ ಇಂಗ್ಲಿಷೇತರ ಲಿಪಿಗಳಲ್ಲಿ ಹೆಸರಿಡಲು ಅವಕಾಶವಾಗಿದೆ. ಭಾಷೆಯ ಮೂಲ ಪದಗಳು ಮಾತ್ರ ಇಂಗ್ಲಿಷಿನವೇ. ಆದರೆ ಕನ್ನಡದ ‘೮೭’ನ್ನು ಸಂಖ್ಯೆಯೆಂದು ರಸ್ಟ್ ಕೂಡ ಒಪ್ಪುವುದಿಲ್ಲ. ವ್ಯತ್ಯಾಸವೇನೆಂದರೆ, ಅದು ಸಿ ಭಾಷೆಯಂತೆ ಗುಟ್ಟಾಗಿ ಸೊನ್ನೆ ಹಾಕುವುದಿಲ್ಲ; ‘ಇದರಲ್ಲಿ ಅಂಕಿಯಲ್ಲದ ಅಕ್ಷರವಿದೆ’ ಎಂಬ ಷರಾ ಬರೆದು ಹಿಂದಿರುಗಿಸುತ್ತದೆ. ಖಾಲಿ ಜಾಗ ಕೊಟ್ಟರೆ ‘ಖಾಲಿ’ ಎನ್ನುತ್ತದೆ. 255ರವರೆಗೆ ಮಾತ್ರ ಹಿಡಿಸುವ 8 ಬಿಟ್‌ಗಳ ಜಾಗಕ್ಕೆ ‘870’ ಎಂದು ಬರೆದುಕೊಟ್ಟರೆ ‘ತುಂಬ ದೊಡ್ಡದು’ ಎನ್ನುತ್ತದೆ. ಭಾಷೆಯನ್ನು ಕಟ್ಟಿದವರೂ ತಮ್ಮ ದೋಷಗಳಿಗೆ ಬಗೆಬಗೆಯ ಹೆಸರಿಟ್ಟಿದ್ದಾರೆ.

ಇಷ್ಟಾದ ಮೇಲೆ ಕಂಪೈಲರ್ ಕಾವಲುಗಾರನಾಗುತ್ತದೆ. ಮೂರು ಸಾಧ್ಯತೆಗಳಲ್ಲಿ ಎರಡಕ್ಕೆ ಮಾತ್ರ ಪರಿಹಾರ ಬರೆದು ಮೂರನೆಯದನ್ನು ಮರೆತರೆ, ‘ಮಿತಿಮೀರಿದರೆ ಏನು ಮಾಡಬೇಕೆಂದು ಹೇಳಿಲ್ಲವಲ್ಲ’ ಎಂದು ಕ್ರಮವಿಧಿಯನ್ನೇ ಸ್ವೀಕರಿಸುವುದಿಲ್ಲ. ಏನೋ ಒಂದನ್ನು ಬರೆದು ಒಂದು ಸಲ ಓಡಿಸಿ ನೋಡೋಣ ಎನ್ನುವ ಹುಮ್ಮಸ್ಸಿನ ಹುಡುಗರಿಗೆ ಮೊದಮೊದಲು ಇದು ಕಿರಿಕಿರಿ. ಗಂಟೆಗಟ್ಟಲೆ ಕಂಪೈಲರಿನೊಡನೆ ಗುದ್ದಾಡಿ ಬೇಸತ್ತು ಭಾಷೆಯನ್ನೇ ಬಿಟ್ಟವರೂ ಇದ್ದಾರೆ. ಆ ದೂರಿನಲ್ಲಿ ಹುರುಳಿಲ್ಲದಿಲ್ಲ. ಒಂದು ಪುಟ್ಟ ಪ್ರಯೋಗಕ್ಕೆ, ನಾಳೆ ಎಸೆಯುವ ಕ್ರಮವಿಧಿಗೆ ಇಷ್ಟೆಲ್ಲ ಸಂಪ್ರದಾಯ ಬೇಕಾಗಿಲ್ಲ. ಅಂಥ ಕೆಲಸಕ್ಕೆ ಪೈಥಾನ್‌ನಂಥ ಭಾಷೆಗಳು ಸುಖ.

ಮುಂದಿನ ಕ್ರಮಕ್ಕಾಗಿ

ಎಲ್ಲ ದೋಷವನ್ನೂ ಕಂಡವರೇ ಸರಿಪಡಿಸಲಾಗದು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು ಕಡತದ ಮೇಲೆ ‘ಮುಂದಿನ ಕ್ರಮಕ್ಕಾಗಿ ಸಲ್ಲಿಸಿದೆ’ ಎಂದು ಬರೆದು ಮೇಲಿನವರಿಗೆ ಕಳಿಸುವುದಿಲ್ಲವೆ? ರಸ್ಟ್‌ನಲ್ಲಿ ಆ ಕೆಲಸಕ್ಕೆ ಒಂದೇ ಒಂದು ಚಿಹ್ನೆ ಸಾಕು: ಪ್ರಶ್ನಾರ್ಥಕ ಚಿಹ್ನೆ. 2016ರ ನವೆಂಬರ್‌ನಿಂದ ಅದು ಬಳಕೆಯಲ್ಲಿದೆ. ಸಾಲಿನ ಕೊನೆಗೆ ‘?’ ಹಾಕಿದರೆ, ಡಬ್ಬಿಯಲ್ಲಿ ಉತ್ತರವಿದ್ದಲ್ಲಿ ತೆಗೆದುಕೊಂಡು ಮುಂದೆ ಸಾಗು, ದೋಷವಿದ್ದಲ್ಲಿ ಇಲ್ಲಿಗೇ ನಿಲ್ಲಿಸಿ ಕರೆದವರಿಗೆ ಒಪ್ಪಿಸು ಎಂದರ್ಥ.

ಸಿ++, ಜಾವಾ ಮುಂತಾದ ಭಾಷೆಗಳಲ್ಲೂ ದೋಷವನ್ನು ಮೇಲಕ್ಕೆ ‘ಎಸೆಯುವ’ ಪದ್ಧತಿಯಿದೆ. ಅಲ್ಲಿ ಎಸೆದ ಚೆಂಡನ್ನು ಯಾರು ಹಿಡಿಯುತ್ತಾರೆ, ಎಲ್ಲಿಂದ ಹಾರಿ ಬರುತ್ತದೆ ಎಂಬುದು ಸಾಲುಗಳನ್ನು ಓದುವವರ ಕಣ್ಣಿಗೆ ಬೀಳದೆ ಹೋಗಬಹುದು. ರಸ್ಟ್‌ನಲ್ಲಿ ಆ ಪುಟ್ಟ ಚಿಹ್ನೆ ಇದ್ದಲ್ಲೆಲ್ಲ ಅಪಾಯವಿದೆಯೆಂದು ಓದುವವರಿಗೆ ಕಾಣುತ್ತದೆ.

ಮೇಲಕ್ಕೆ ಹೋಗುವಾಗ ದೋಷದ ಭಾಷೆಯೂ ಬದಲಾಗಬೇಕು. ‘ಅಂಕಿಯಲ್ಲದ ಅಕ್ಷರವಿದೆ’ ಎಂಬುದು ಕೆಳಗಿನ ಮೇಜಿಗೆ ಸಾಕು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಬೇಕಾದದ್ದು ‘ಇಂಥ ಶಾಲೆಯ ಪಟ್ಟಿ, 42ನೆಯ ಸಾಲು, ಗಣಿತದ ಅಂಕ ಓದಲಾಗುತ್ತಿಲ್ಲ’ ಎಂಬ ಮಾತು. ಕೆಳಗಿನ ದೋಷವನ್ನು ತನ್ನ ‘ಅಂಕದೋಷ’ವಾಗಿ ಮಾರ್ಪಡಿಸುವ ವಿಧಾನವನ್ನು ಒಂದು ಸಲ ಬರೆದಿಟ್ಟರೆ, ‘?’ ಚಿಹ್ನೆ ಆ ಮಾರ್ಪಾಡನ್ನು ತಾನೇ ಮಾಡುತ್ತದೆ. ಹಾಗೆಂದು ಮೂಲ ಕಾರಣವನ್ನು ಹರಿದೆಸೆಯಬಾರದು. ಲಕೋಟೆಯೊಳಗೆ ಲಕೋಟೆ ಇಟ್ಟಂತೆ ಹೊಸ ದೋಷದೊಳಗೆ ಹಳೆಯ ದೋಷವನ್ನೂ ಇಡಬಹುದು. ಜನರಿಗೆ ಓದಲು ಒಂದು ವಾಕ್ಯ, ಯಂತ್ರಕ್ಕೆ ಗುರುತಿಸಲು ಒಂದು ಬಗೆ, ರಿಪೇರಿಗೆ ಬಂದವರಿಗೆ ಒಂದು ಮೂಲ ಕಾರಣ. ಒಳ್ಳೆಯ ದೋಷದಲ್ಲಿ ಮೂರೂ ಇರುತ್ತವೆ. ‘ಏನೋ ತೊಂದರೆಯಾಗಿದೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ’ ಎಂಬ ಸಂದೇಶದ ಮುಂದೆ ಅರ್ಜಿ ತುಂಬಲು ಕೂತು ಒದ್ದಾಡಿದ ತಂದೆ-ತಾಯಂದಿರಿಗೆ, ಈ ಮೂರರಲ್ಲಿ ಒಂದೂ ಇಲ್ಲದಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕಾವಲುಗಾರನ ಕಣ್ಣು ತಪ್ಪಿಸಿ

ರಸ್ಟ್ ಕಲಿತರೆ ತಪ್ಪೇ ಆಗದು ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಡಬ್ಬಿ ತೆಗೆಯಲು ‘ಅನ್‌ರ‍್ಯಾಪ್’ ಎಂಬ ಒರಟು ದಾರಿಯೂ ಅದರಲ್ಲಿದೆ. ‘ಒಳಗೆ ಉತ್ತರವೇ ಇದೆ, ನನಗೆ ಗೊತ್ತು, ಇಲ್ಲದಿದ್ದರೆ ಎಲ್ಲ ನಿಲ್ಲಿಸಿಬಿಡು’ ಎಂದು ಅದರ ಅರ್ಥ. ಕಲಿಯುವಾಗ, ಪರೀಕ್ಷಿಸಿ ನೋಡುವಾಗ ಅನುಕೂಲದ್ದೇ.

2025ರ ನವೆಂಬರ್ 18ರಂದು ಭಾರತದ ಕಾಲಮಾನ ಸಂಜೆ 4.50ರ ಸುಮಾರಿಗೆ ಜಗತ್ತಿನ ಅಸಂಖ್ಯ ಜಾಲತಾಣಗಳು ಒಮ್ಮೆಲೇ ಬಾಗಿಲು ಹಾಕಿದವು. ಎಕ್ಸ್, ಚಾಟ್‌ಜಿಪಿಟಿಗಳೂ ತೊಂದರೆಗೆ ಸಿಕ್ಕಿದವು. ಇವೆಲ್ಲಕ್ಕೂ ಹೆಬ್ಬಾಗಿಲಿನಂತಿರುವ ಕ್ಲೌಡ್‌ಫ್ಲೇರ್ ಕಂಪೆನಿಯ ಯಂತ್ರಗಳು ಮುಗ್ಗರಿಸಿದ್ದವು. ಬರುವವರು ಮನುಷ್ಯರೋ ಯಂತ್ರಗಳೋ ಎಂದು ಗುರುತಿಸಲು ಆ ಕಂಪೆನಿ ಲಕ್ಷಣಗಳ ಪಟ್ಟಿಯೊಂದನ್ನು ಐದೈದು ನಿಮಿಷಕ್ಕೆ ಹೊಸದಾಗಿ ತಯಾರಿಸುತ್ತಿತ್ತು. ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ಅರವತ್ತರಷ್ಟು ಲಕ್ಷಣ. ಗರಿಷ್ಠ ಮಿತಿ 200. ಅಂದು ದತ್ತಾಂಶ ಕೋಠಿಯಲ್ಲಿ ಮಾಡಿದ ಅನುಮತಿಯ ಬದಲಾವಣೆಯೊಂದರಿಂದ ಅವೇ ನಮೂದುಗಳು ಮತ್ತೆ ಬಿದ್ದು ಪಟ್ಟಿ 200ನ್ನು ದಾಟಿತು. ಅದನ್ನು ಓದುವ ರಸ್ಟ್ ಕ್ರಮವಿಧಿ ಮಿತಿ ಮೀರಿದ್ದನ್ನು ಸರಿಯಾಗಿಯೇ ಕಂಡುಹಿಡಿಯಿತು, ದೋಷದ ಡಬ್ಬಿಯನ್ನೂ ಕೊಟ್ಟಿತು. ಡಬ್ಬಿಯನ್ನು ಪಡೆದ ಸಾಲಿನಲ್ಲಿ ಇದ್ದದ್ದು ಅನ್‌ರ‍್ಯಾಪ್! ಕ್ರಮವಿಧಿ ಇದ್ದಲ್ಲೇ ಬಿತ್ತು. ಇಂಥ ಪಟ್ಟಿ ಬಂದರೆ ಹಿಂದಿನ ಒಳ್ಳೆಯ ಪಟ್ಟಿಯನ್ನೇ ಇಟ್ಟುಕೊಂಡು ನಡೆಸು ಎಂದು ಯಾರೂ ಬರೆದಿರಲಿಲ್ಲ.

ಇನ್ನೂ ಗಮನಿಸಬೇಕಾದದ್ದು, ಆರಂಭದಲ್ಲಿ ಅಲ್ಲಿನ ಎಂಜಿನಿಯರುಗಳು ಇದನ್ನು ಹೊರಗಿನವರ ದಾಳಿಯೆಂದು ಶಂಕಿಸಿದ್ದು. ಕೆಲವು ಸಲ ಒಳ್ಳೆಯ ಪಟ್ಟಿ, ಕೆಲವು ಸಲ ಕೆಟ್ಟ ಪಟ್ಟಿ ಬರುತ್ತಿದ್ದುದರಿಂದ ಯಂತ್ರಗಳು ಬೀಳುತ್ತ ಏಳುತ್ತ ಇದ್ದವು. ನಿಜವಾದ ಕಾರಣ ಹಿಡಿದು ಮುಖ್ಯ ಸಂಚಾರ ಸರಿಹೋಗುವ ಹೊತ್ತಿಗೆ ಇಲ್ಲಿ ರಾತ್ರಿ ಎಂಟು ಗಂಟೆ. ಎಲ್ಲವೂ ಹದಕ್ಕೆ ಬಂದದ್ದು ಹತ್ತೂವರೆ ದಾಟಿದ ಮೇಲೆ. ಕಂಪೆನಿ ತನ್ನ ತಪ್ಪಿನ ಸಾಲನ್ನು ಮುಚ್ಚಿಡದೆ ಅಂದೇ ಪ್ರಕಟಿಸಿದ್ದು ಮೆಚ್ಚತಕ್ಕದ್ದು. ಏರಿಯಾನ್ ತನಿಖಾ ವರದಿಯನ್ನೂ ಹಾಗೆಯೇ ಬಹಿರಂಗಪಡಿಸಿದ್ದರಿಂದಲ್ಲವೆ ಇಂದಿನ ವಿದ್ಯಾರ್ಥಿಗಳು ಅದನ್ನು ಓದಬಹುದಾಗಿರುವುದು?

ರಸ್ಟ್‌ನಲ್ಲಿ ಇನ್ನೊಂದು ಕಿಂಡಿಯೂ ಇದೆ. ಒಂದು ಅಳತೆಯ ಸಂಖ್ಯೆಯನ್ನು ಇನ್ನೊಂದು ಅಳತೆಗೆ ‘ಆ್ಯಸ್’ ಎಂಬ ಪದ ಬಳಸಿ ಬಲವಂತವಾಗಿ ತುರುಕಬಹುದು. 870ನ್ನು ಹೀಗೆ 8 ಬಿಟ್‌ಗಳಿಗೆ ತುರುಕಿದರೆ ಮೇಲಿನ ಭಾಗ ಕತ್ತರಿಸಿಹೋಗಿ 102 ಉಳಿಯುತ್ತದೆ. ದೋಷವೂ ಇಲ್ಲ, ಎಚ್ಚರಿಕೆಯೂ ಇಲ್ಲ. 87ರ ಮುಂದೆ ಒಂದು ಸೊನ್ನೆ ಹೆಚ್ಚಾಗಿ ಬಿದ್ದ ಹುಡುಗನಿಗೆ ಕನ್ನಡದಲ್ಲಿ 102 ಅಂಕ ಬಂದರೆ ಯಾರಿಗೂ ಅನುಮಾನವೇ ಬಾರದು. ‘ಟ್ರೈ-ಫ್ರಮ್’ ಎಂಬ ಇನ್ನೊಂದು ವಿಧಾನ ಬಳಸಿದರೆ ಹಿಡಿಸದ ಸಂಖ್ಯೆಗೆ ದೋಷದ ಡಬ್ಬಿ ಬರುತ್ತದೆ. ಏರಿಯಾನ್-5ರ ಪಾವು ಕೊಳಗದ ಪ್ರಸಂಗ ಓದಿದವರು ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳಬೇಕಾಗಿಲ್ಲ.

ಆ ರಾಕೆಟ್ಟಿಗೆ ಆಮೇಲೆ ಒಳ್ಳೆಯ ದಿನಗಳೇ ಬಂದವು. 2023ರ ಜುಲೈನಲ್ಲಿ ನಿವೃತ್ತಿಯಾಗುವವರೆಗೆ ನೂರಕ್ಕೂ ಹೆಚ್ಚು ಸಲ ಹಾರಿತು. ಬೆಂಗಳೂರಿನಲ್ಲಿ ರೂಪುಗೊಂಡ ಇಸ್ರೊ ಉಪಗ್ರಹಗಳನ್ನೂ ಹೊತ್ತೊಯ್ದಿತು. 2020ರ ಜನವರಿಯಲ್ಲಿ ಜಿಸ್ಯಾಟ್-30 ಹೋದದ್ದು ಅದರಲ್ಲಿಯೇ. ನಾಶವಾದ ಕ್ಲಸ್ಟರ್ ಉಪಗ್ರಹಗಳನ್ನು ಮತ್ತೆ ಕಟ್ಟಿ 2000ದಲ್ಲಿ ರಷ್ಯದ ಸೋಯುಜ್ ರಾಕೆಟ್ಟುಗಳಲ್ಲಿ ಕಳಿಸಿದರು.

ಮಕ್ಕಳು ಇದನ್ನು ಕಲಿಯಬೇಕೆ ಎಂಬ ಪ್ರಶ್ನೆ ಹೆತ್ತವರದು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ 2022ರ ಡಿಸೆಂಬರ್‌ನಲ್ಲಿ ರಸ್ಟ್ ಪ್ರವೇಶ ಪಡೆಯಿತು. ಅಲ್ಲಿಯವರೆಗೆ ಅಲ್ಲಿ ಸಿ ಭಾಷೆಯದೇ ಸಾಮ್ರಾಜ್ಯ. ಹಾಗೆಂದು ಸಿ ಭಾಷೆಯನ್ನು ಬಿಟ್ಟು ರಸ್ಟ್ ಹಿಂದೆ ಓಡುವ ಅವಸರ ಬೇಡ. ಕಾಲೇಜಿನಲ್ಲಿ ಸಿ ಕಲಿತವರಿಗೆ ರಸ್ಟ್ ಯಾವ ಕಾಯಿಲೆಗೆ ಮದ್ದು ಎಂಬುದು ಚೆನ್ನಾಗಿ ಅರ್ಥವಾಗುತ್ತದೆ. ದುಬಾರಿ ಶುಲ್ಕದ ಕೋರ್ಸುಗಳೂ ಅನಿವಾರ್ಯವಲ್ಲ. ಭಾಷೆ, ಅದರ ಕಂಪೈಲರ್, ಅದರ ಅಧಿಕೃತ ಪಠ್ಯಪುಸ್ತಕ ಎಲ್ಲವೂ ಅಂತರ್ಜಾಲದಲ್ಲಿ ಉಚಿತ. ಸ್ವಂತ ಕಂಪ್ಯೂಟರಿಗೆ ಇಳಿಸಿಕೊಳ್ಳಲಾಗದವರು ಬ್ರೌಸರ್‌ನಲ್ಲಿಯೇ ಬರೆದು ಓಡಿಸಿ ನೋಡುವ ಸೌಲಭ್ಯವೂ ಇದೆ.

ಶುರು ಮಾಡುವವರಿಗೆ ಅಂಕಪಟ್ಟಿಯ ಕ್ರಮವಿಧಿಯೇ ಸಾಕಷ್ಟು ಕೆಲಸ ಕೊಡುತ್ತದೆ. ಹತ್ತು ಸಾಲಿನ ಪಟ್ಟಿಯೊಂದನ್ನು ಮಾಡಿ, ಒಂದರಲ್ಲಿ ‘ಗೈರು’ ಎಂದು, ಒಂದರಲ್ಲಿ ‘೮೭’ ಎಂದು, ಇನ್ನೊಂದರಲ್ಲಿ ಗಣಿತಕ್ಕೆ 112 ಎಂದು ಬರೆಯಬೇಕು. ಮೂರು ದೋಷಗಳಿಗೂ ಹೆಸರಿಟ್ಟು, ಮೂರಕ್ಕೂ ಬೇರೆ ಬೇರೆ ಉತ್ತರ ಬರುವಂತೆ ಮಾಡಬೇಕು. ಅದು ಸರಿಯಾಗಿ ಓಡಿದ ಮೇಲೆ ‘ಅಂಕದೋಷ’ಕ್ಕೆ ನಾಲ್ಕನೆಯದಾಗಿ ‘ಮರುಮೌಲ್ಯಮಾಪನಬಾಕಿ’ ಎಂಬುದನ್ನು ಸೇರಿಸಿ, ಬೇರೆ ಏನನ್ನೂ ಮುಟ್ಟದೆ ಮತ್ತೆ ಓಡಿಸಲು ಹೋಗಬೇಕು. ಮೂರು ದೋಷಗಳನ್ನು ಒಂದೊಂದಾಗಿ ಹೆಸರಿಸಿ ಉತ್ತರ ಬರೆದ ಕಡೆಯಲ್ಲೆಲ್ಲ ಕಂಪೈಲರ್ ನಿಂತು, ಸಾಲಿನ ಸಂಖ್ಯೆ ಸಮೇತ, ಈ ನಾಲ್ಕನೆಯದಕ್ಕೆ ಏನು ಮಾಡುತ್ತೀರಿ ಎಂದು ಕೇಳುತ್ತದೆ.